ರಾಗಿ ಬೀಸುವ ಪದದ ಕೊನೆಯ ನುಡಿ

ದೆವ್ವ, ಗಾಳಿ, ಸೋಂಕು ಎಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಯಾರಾದರೂ "ನಾನೇ ಕಣ್ಣಾರೆ ಕಂಡೆ" ಎಂದು ಶುರು ಮಾಡಿದರೆ ಸಾಕು, "ಆಗ ಕನ್ನಡಕ ಹಾಕಿಕೊಂಡಿದ್ದಿರಾ?" ಎಂದು ಕೇಳಿ ಮಾತು ಕೆಡಿಸುವ ಚಾಳಿ ನನ್ನದು. ನನ್ನ ಅತ್ತೆಯವರ ತವರು ಮಾಂಬಳ್ಳಿ. ಅಲ್ಲಿಯ ಹುಣಸೆಮರವೊಂದರ ಕಥೆಯನ್ನು ಅವರು ಬೀದಿಗೆಲ್ಲ ಹೇಳುತ್ತಿದ್ದರು, ನನ್ನೆದುರು ಮಾತ್ರ ಹೇಳುತ್ತಿರಲಿಲ್ಲ. "ಇವಳ ಮುಂದೆ ಹೇಳಿದ್ರೆ ದೆವ್ವಕ್ಕೇ ಅವಮಾನ" ಎನ್ನುತ್ತಿದ್ದರು. ಈಗ ನಾನೇ ಇಂಥದ್ದೊಂದು ಬರೆಯಲು ಕೂತಿದ್ದೇನೆ. ಅವರಿದ್ದಿದ್ದರೆ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು.

ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ. ಮನೆ ಯಳಂದೂರಿನಲ್ಲಿ, ದಿನಾ ಬಸ್ಸಿನ ಓಡಾಟ. ಕೊನೆಯ ವರ್ಷದ ಬಿ.ಎ. ಮಕ್ಕಳಿಗೆ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಹುಡುಕುವುದು ಹೇಗೆಂದು ಕಲಿಸುವ ಕೆಲಸ ಹೇಗೋ ನನ್ನ ತಲೆಗೇ ಕಟ್ಟಿಕೊಂಡಿತು. ನಮ್ಮ ಮಕ್ಕಳಿಗೆ ಲೇಖನ ಹುಡುಕುವುದೆಂದರೆ ಫೋನಿನಲ್ಲಿ ಮೊದಲು ಕಂಡದ್ದನ್ನು ಹಾಗೇ ಇಳಿಸಿ ತಂದುಕೊಡುವುದು. ಒಬ್ಬ ಮಹಾಶಯ ಹಾಳೆಯ ತುದಿಯಲ್ಲಿದ್ದ ತಲೆಹೊಟ್ಟಿನ ಎಣ್ಣೆಯ ಜಾಹೀರಾತನ್ನೂ ಸೇರಿಸಿ ತಂದಿದ್ದ. ಆ ಸಿಟ್ಟಿಗೆ ಒಂದು ವರ್ಷ ಬೇರೆ ಕೆಲಸ ಕೊಟ್ಟೆ. ನಿಮ್ಮ ಊರಿನ ಬಗ್ಗೆ ಯಾವುದಾದರೂ ಹಳೆಯ ಪತ್ರಿಕೆಯಲ್ಲಿ ಅಚ್ಚಾಗಿರುವ ಒಂದು ಲೇಖನ ಹುಡುಕಿ, ಸಿಕ್ಕಿದ ಮೇಲೆ ಮನೆಯ ಹಿರಿಯರಿಗೆ ಓದಿ ಹೇಳಿ, ಅವರು ಏನೆಂದರೋ ಬರೆದು ತನ್ನಿ. ಇಷ್ಟೇ ಕೆಲಸ.

ಪವಿತ್ರ ಎಂಬ ಹುಡುಗಿ ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದಳು. ಹನೂರು ತಾಲ್ಲೂಕಿನ ರಾಮಾಪುರದವಳು, ಕೊಳ್ಳೇಗಾಲದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು.

"ಮೇಡಂ, ನಮ್ಮಜ್ಜಿಯ ಅವ್ವ ಹೇಳ್ತಿದ್ದ ಬೀಸೋ ಪದ ಯಾವ್ದೋ ಪುಸ್ತಕ್ದಲ್ಲಿ ಅಚ್ಚಾಗ್ಯದಂತೆ. ಅದ ಹುಡುಕ್ಬಹುದಾ?"

"ಯಾವ ಪುಸ್ತಕ?"

"ಗೊತ್ತಿಲ್ಲ ಮೇಡಂ. ಅದು ಸಿಕ್ಕುದ್ರ ನಮ್ಮಜ್ಜಿಗ ಅವ್ಳ ಎಸ್ರು ಸಿಕ್ತದ."

ಅಜ್ಜಿಗೆ ಹೆಸರು ಸಿಗುವುದೆಂದರೆ ಏನು ಎಂದು ನನಗೆ ಅರ್ಥವಾಗಲಿಲ್ಲ. ಕೂರಿಸಿಕೊಂಡು ಕೇಳಿದೆ. ಅವಳು ಹೇಳಿದ್ದನ್ನು, ಆಮೇಲೆ ಅಜ್ಜಿಯೇ ಹೇಳಿದ್ದನ್ನು ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ಅಜ್ಜಿಯ ಹೆಸರು ಮಾದಮ್ಮ. ಅದು ಅವರ ಅಪ್ಪನ ತಾಯಿಯ ಹೆಸರು. ಮೊದಲ ಹೆಣ್ಣುಮಗುವಿಗೆ ಅಜ್ಜಿಯ ಹೆಸರಿಡುವುದು ನಮ್ಮ ಕಡೆ ಇದ್ದದ್ದೇ. ಆದರೆ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡುವ ಹಾಗಿರಲಿಲ್ಲ. ಮಗಳಿಗೆ ಅತ್ತೆಯ ಹೆಸರಿಟ್ಟ ಮೇಲೆ ತಾಯಿ ತಾನು ಹೆತ್ತ ಮಗುವನ್ನೇ ಹೆಸರು ಹಿಡಿದು ಕರೆಯಲಾರಳು. ಅದಕ್ಕೆಂದೇ ತಾಯಂದಿರು ತಮ್ಮ ಪಾಲಿಗೆ ಬೇರೊಂದು ಹೆಸರು ಇಟ್ಟುಕೊಳ್ಳುತ್ತಿದ್ದರು. ಮಾದಮ್ಮನ ಅವ್ವ ಚಿಕ್ಕತಾಯಮ್ಮನೂ ಇಟ್ಟಿದ್ದರು. ಅತ್ತೆ ಮಹಾ ಜೋರು ಹೆಂಗಸು, "ನನ್ನೆಸ್ರು ನಿಂಗ ಬ್ಯಾಡಾಗೋಯ್ತ?" ಎಂದು ರಂಪ ಮಾಡುತ್ತಾರೆಂಬ ಭಯಕ್ಕೆ ಆ ಹೆಸರನ್ನು ಜೋರಾಗಿ ಕರೆಯುತ್ತಿರಲಿಲ್ಲ. ಕೋಳಿ ಕೂಗುವ ಮೊದಲು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರಾಗಿ ಬೀಸುವಾಗ ಮಾತ್ರ, ಪದದ ಕೊನೆಯ ನುಡಿಯಲ್ಲಿ ಸೇರಿಸಿ ಮೆಲ್ಲಗೆ ಹೇಳುತ್ತಿದ್ದರು.

ಮಾದಮ್ಮ ಇನ್ನೂ ಚಿಕ್ಕವರಿದ್ದಾಗಲೇ ಅವ್ವ ಜ್ವರ ಬಂದು ತೀರಿಕೊಂಡರು. ಹೆಸರೂ ಅವರೊಂದಿಗೇ ಹೋಯಿತು. ಅಪ್ಪ ಮಗಳನ್ನು "ಅಮ್ಮಿ" ಎಂದು ಕರೆಯುತ್ತಿದ್ದರೇ ಹೊರತು ಬೇರೆ ಹೆಸರು ಅವರಿಗೂ ತಿಳಿಯದು. ಮಗುವಿಗೆ ಪದದ ಮೊದಲ ಸಾಲೊಂದು ನೆನಪಿನಲ್ಲಿ ಉಳಿಯಿತು, ಉಳಿದದ್ದೆಲ್ಲ ಅಳಿಸಿಹೋಯಿತು. ಆದರೆ ಅವ್ವ ಸಾಯುವ ಮುಂಚೆ ಹೆಗಲಿಗೆ ಚೀಲ ಹಾಕಿಕೊಂಡ ಮೇಷ್ಟ್ರೊಬ್ಬರು ಊರೂರು ತಿರುಗುತ್ತಾ ಬಂದು ಹೆಂಗಸರಿಂದ ಪದ ಹೇಳಿಸಿ ಬರೆದುಕೊಂಡಿದ್ದರು. ಮುಂದೆ ಯಾವಾಗಲೋ ಬಂದು "ನಿಮ್ಮ ಮನೆಯ ಪದ ಅಚ್ಚಾಗಿದೆ" ಎಂದು ಹೇಳಿಹೋದರಂತೆ. ಆ ಮಾತನ್ನು ಹಿಡಿದುಕೊಂಡು ಮಾದಮ್ಮ ಅರವತ್ತು ವರ್ಷದ ಮೇಲೆ ಕಾದಿದ್ದರು. ಅವರು ಓದಿದವರಲ್ಲ. ಯಾರನ್ನು ಕೇಳಬೇಕೆಂದೂ ತಿಳಿಯದು.

ಈಗ ಆತುರಕ್ಕೆ ಕಾರಣವಿತ್ತು. ಅವರ ಎಡಗಿವಿ ಎಂದೋ ಸತ್ತುಹೋಗಿತ್ತು, ಬಲಗಿವಿಯೂ ದಿನೇದಿನೇ ಮಂದವಾಗುತ್ತಿತ್ತು. "ಪೂರಾ ಮುಚ್ಚೋಗಾಕ ಮುಂಚ ನಮ್ಮವ್ವ ಮಡಗಿದ್ದ ಎಸ್ರ ಒಂದ್ಸಲ ಕೇಳ್ಬುಡ್ಬೇಕು" ಎಂದು ಮೊಮ್ಮಗಳಿಗೆ ದುಂಬಾಲು ಬಿದ್ದಿದ್ದರು. ಇದನ್ನು ಕೇಳಿದ ಮೇಲೆ ನನಗೂ ಸುಮ್ಮನಿರಲಾಗಲಿಲ್ಲ. ನನ್ನ ಅವ್ವನೂ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋದವಳು. ಅವಳು ಕರೆಯುತ್ತಿದ್ದ ರೀತಿ ಇಂದಿಗೂ ಕಿವಿಯಲ್ಲಿದೆ. ಅದೂ ಇಲ್ಲದೆ ಒಂದು ಜೀವಮಾನ ಕಳೆಯುವುದೆಂದರೆ ಹೇಗಿರಬೇಡ!

ಹುಡುಕಲು ಶುರುಮಾಡಿದೆವು. ನಮ್ಮ ಗ್ರಂಥಪಾಲಕರಾದ ನಂಜುಂಡಸ್ವಾಮಿಯವರು ಹಳೆಯ ಪತ್ರಿಕೆಗಳ ಲೇಖನ ಸೂಚಿಯೊಂದನ್ನು ತೆಗೆದುಕೊಟ್ಟರು. ಇಂಥ ವಿಷಯದ ಮೇಲೆ ಯಾರು, ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿ ಬರೆದಿದ್ದಾರೆ ಎಂದಷ್ಟೇ ತಿಳಿಸುವ ದಪ್ಪ ಪುಸ್ತಕ ಅದು. ಜನಪದ ಗೀತೆಗಳ ವಿಭಾಗವನ್ನು ನಾನೂ ಪವಿತ್ರಳೂ ಪಕ್ಕಪಕ್ಕದಲ್ಲಿ ಕೂತು ಬೆರಳಿಟ್ಟು ಓದಿದೆವು. ಕೊಳ್ಳೇಗಾಲದ ಕಡೆಯ ಬೀಸುವ ಪದಗಳು ಎಂಬ ಲೇಖನ ಸಿಕ್ಕಿತು. ಮೈಸೂರಿನಿಂದ ಬರುತ್ತಿದ್ದು ಎಂದೋ ನಿಂತುಹೋದ ಒಂದು ಮಾಸಪತ್ರಿಕೆ, ಕಾರ್ತಿಕ ಮಾಸದ ಸಂಚಿಕೆ. ಪವಿತ್ರ ಕೂತಲ್ಲೇ ಕುಣಿದಳು.

ಆದರೆ ಸೂಚಿಯಲ್ಲಿ ಸಿಗುವುದೇ ಬೇರೆ, ಕೈಗೆ ಸಿಗುವುದೇ ಬೇರೆ. ಮೈಸೂರಿನಲ್ಲಿ ವಿಚಾರಿಸಿದರೆ ಆ ವರ್ಷದ ಸಂಪುಟ ಗೆದ್ದಲು ಹಿಡಿದು ಹೋಗಿದೆ ಎಂದರು. ಅಂತರ್ಜಾಲದಲ್ಲಿ ಲೇಖನದ ಹೆಸರಿದ್ದರೂ ಹಾಳೆಗಳಿರಲಿಲ್ಲ. ಧಾರವಾಡದಲ್ಲಿರುವ ಗೆಳತಿಗೆ ಹೇಳಿದೆ, ನೋಡುತ್ತೇನೆ ಎಂದಳು. ಆಗ ನಂಜುಂಡಸ್ವಾಮಿಯವರೇ, ನಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಊರಿನ ಹಳೆಯ ವಾಚನಾಲಯದವರು ಮುಚ್ಚುವಾಗ ಕೊಟ್ಟುಹೋದ ಬೈಂಡುಗಳಿವೆ, ಅದರಲ್ಲಿ ಈ ಪತ್ರಿಕೆಯೂ ಇರಬೇಕು ಎಂದರು. ಇತ್ತು! ಕೆಂಪು ಬಟ್ಟೆಯ ಬೈಂಡು, ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ವರ್ಷ. ಉಸಿರು ಬಿಗಿಹಿಡಿದು ತೆಗೆದರೆ ಆಶ್ವಯುಜ ಆಯಿತು, ನೇರವಾಗಿ ಮಾರ್ಗಶಿರ ಬಂತು. ಕಾರ್ತಿಕವೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಹಾಗಾಯಿತು. ಪವಿತ್ರ ಅಳುಮೋರೆ ಹಾಕಿಕೊಂಡು ಹಾಸ್ಟೆಲಿಗೆ ಹೋದಳು.

ಇದಾದ ಸ್ವಲ್ಪ ದಿನಕ್ಕೆ ಮಾದಮ್ಮನವರನ್ನು ಕೊಳ್ಳೇಗಾಲಕ್ಕೆ ಕಿವಿ ಡಾಕ್ಟರ ಹತ್ತಿರ ಕರೆತಂದರು. ತೋರಿಸಿಯಾದ ಮೇಲೆ ಊರಿನ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಪವಿತ್ರ ಅಜ್ಜಿಯನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಬಂದಳು. ಮಧ್ಯಾಹ್ನ ಕಳೆದಿತ್ತು, ಮೋಡ ಮುಚ್ಚಿತ್ತು, ಕರೆಂಟು ಹೋಗಿತ್ತು. ಸಣ್ಣ ಮೈಕಟ್ಟಿನ, ಕಪ್ಪಗಿನ ಮುದುಕಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. "ಇಷ್ಟೊಂದ ಪುಸ್ತಕ! ಇವ್ನೆಲ್ಲ ಯಾರವ್ವ ಓದಾರು?" ಎಂದರು. ಯಾರೂ ಓದುವುದಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಡಾಕ್ಟರು ಏನೆಂದರು ಎಂದು ಪವಿತ್ರಳನ್ನು ಕೇಳಿದೆ. ಮಿಷನ್ ಹಾಕಿಸಿದರೂ ಅಷ್ಟಕ್ಕಷ್ಟೇ ಎಂದರಂತೆ. ಅಜ್ಜಿ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದರಂತೆ ನೋಡುತ್ತಾ ನಗುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಸಿಗ್ನಿಲ್ವಂತಲ್ಲ ಕಣವ್ವ? ಓಗ್ಲಿ ಬುಡು. ನೀವಾರೂ ಹುಡುಕುದ್ರಲ್ಲ, ಅಷ್ಟೇ ಸಾಕು" ಎಂದರು. ಸಮಾಧಾನ ಹೇಳಬೇಕಾದವಳು ನಾನು, ಅವರೇ ನನಗೆ ಹೇಳುತ್ತಿದ್ದರು. ಕೂತಿರಲಾಗದೆ ಎದ್ದು ಹಿಂದಿನ ಕೋಣೆಗೆ ಹೋದೆ.

ಅಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ. ಸುಮ್ಮನೆ ಮುಂದಿನ ವರ್ಷದ ಬೈಂಡನ್ನು ಎಳೆದು ಹಾಳೆ ತಿರುಗಿಸುತ್ತಾ ನಿಂತೆ. ಯುಗಾದಿ ಸಂಚಿಕೆಯ ಹಿಂದೆ ಪಟಾಕಿ ಅಂಗಡಿಯ ಜಾಹೀರಾತು ಕಂಡಿತು. ಯುಗಾದಿಗೆ ಯಾರು ಪಟಾಕಿ ಹೊಡೆಯುತ್ತಾರೆ? ಇನ್ನೂ ನಾಲ್ಕು ಹಾಳೆ ತಿರುಗಿಸಿದರೆ ದೀಪಾವಳಿಯ ಶುಭಾಶಯ. ಆಗ ಹೊಳೆಯಿತು. ವಾಚನಾಲಯದವರು ಸಂಚಿಕೆಗಳನ್ನು ಬೈಂಡು ಮಾಡಿಸಿದ್ದು ತಿಂಗಳ ಪ್ರಕಾರ ಅಲ್ಲ, ಕೈಗೆ ಬಂದ ಪ್ರಕಾರ. ಆಗ ಕೊಳ್ಳೇಗಾಲ ಮದ್ರಾಸಿನ ಕಡೆಗೆ ಸೇರಿತ್ತು. ಮೈಸೂರಿನ ಪತ್ರಿಕೆ ಒಮ್ಮೊಮ್ಮೆ ಊರೆಲ್ಲ ಸುತ್ತಿ ಬರುತ್ತಿತ್ತೋ ಏನೋ, ಬಂದಾಗ ಬಂದದ್ದನ್ನು ಅಲ್ಲಿಗೇ ಸೇರಿಸಿ ಹೊಲಿದುಬಿಟ್ಟಿದ್ದಾರೆ. ದೀಪಾವಳಿಯದು ಯುಗಾದಿಗೆ ಬಂದರೆ ಯುಗಾದಿಯ ಪಕ್ಕ! ಒಂದೊಂದೇ ಹಾಳೆ ತಿರುಗಿಸಿದೆ. ಕಾರ್ತಿಕ ಸಂಚಿಕೆ, ಕೊಳ್ಳೇಗಾಲದ ಕಡೆಯ ಬೀಸುವ ಪದಗಳು, ಹಾಡಿದವರು ಚಿಕ್ಕತಾಯಮ್ಮ, ರಾಮಾಪುರ. ಅಷ್ಟು ಕಂಡದ್ದೇ ತಡ, ಬೈಂಡನ್ನು ಮಗುವಿನ ಹಾಗೆ ಎದೆಗವುಚಿಕೊಂಡು ಓಡಿದೆ. ಅದರ ಮುಂದಿನ ಒಂದಕ್ಷರವನ್ನೂ ಆಗ ನಾನು ಓದಿರಲಿಲ್ಲ. ಇದು ಮುಖ್ಯ, ದಯವಿಟ್ಟು ನೆನಪಿಡಿ.

ಅಜ್ಜಿ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು. ಬಲಗಿವಿಯಷ್ಟೇ ಕೇಳುತ್ತಿದ್ದುದರಿಂದ ಅವರಿಗೆ ಬಲಗಡೆ ನಾನು ಕೂತೆ. ಮೇಜಿನ ಆಚೆ ನಿಂತ ಪವಿತ್ರ ತನ್ನ ಫೋನಿನ ಟಾರ್ಚು ಹಾಕಿ ಹಾಳೆಯ ಮೇಲೆ ಬೆಳಕು ಹಿಡಿದಳು. ನಂಜುಂಡಸ್ವಾಮಿಯವರು ಬಾಗಿಲ ಹತ್ತಿರದ ತಮ್ಮ ಜಾಗದಲ್ಲಿ ಯಾರೊಂದಿಗೋ ಫೋನಿನಲ್ಲಿದ್ದರು. ನಾನು ಅಜ್ಜಿಯ ಬಲಗಿವಿಗೆ ಬಾಯಿಟ್ಟು, ಗ್ರಂಥಾಲಯದಲ್ಲಿ ಎಂದೂ ಎತ್ತದಷ್ಟು ದನಿ ಎತ್ತಿ ಓದಿದೆ.

ಮೆಲ್ಲಗೆ ತಿರುಗವ್ವ ಮನೆಯ ಬೀಸೋ ಕಲ್ಲೆ
ತೊಡೆಮ್ಯಾಲೆ ಕೂಸು ಮಲಗವ್ಳೆ, ನಿನ ಸದ್ದು
ಕನಸೊಳಗೆ ಮಳೆಯಾಗಿ ಸುರಿಯಾಲಿ

ಅಜ್ಜಿ ತಲೆಯಾಡಿಸಿದರು. ಓದುತ್ತಾ ಹೋದೆ. ಅತ್ತೆ ಇನ್ನೂ ಎದ್ದಿಲ್ಲ, ನಮ್ಮಿಬ್ಬರ ಮಾತು ನಮ್ಮಲ್ಲೇ ಇರಲಿ ಎಂದು ಕಲ್ಲಿಗೆ ಹೇಳುವ ನುಡಿಯೊಂದು ಬಂತು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ನಾಲ್ಕು ನುಡಿ ಮುಗಿದಾಗ ಪುಟ ಮುಗಿಯಿತು. ತಿರುಗಿಸಿದೆ. ಆಚೆ ಪುಟದ ತಲೆಯಲ್ಲಿ ಇನ್ನೊಂದೇ ಒಂದು ನುಡಿ ಇತ್ತು. ಮೊದಲ ಅಕ್ಷರದ ಮಸಿ ಸ್ವಲ್ಪ ಹರಡಿತ್ತು. ಕೆಳಗೆ ಲೇಖನ ಮುಗಿಯಿತೆಂದು ತೋರಿಸುವ ಒಂದು ಸಣ್ಣ ಹೂವಿನ ಗುರುತು. ಈಗಲೂ ಕಣ್ಣು ಮುಚ್ಚಿದರೆ ಆ ಪುಟ ಕಾಣುತ್ತದೆ.

ಊರೆಲ್ಲ ಕರೆದಾರು ಅತ್ತೆಮ್ಮನೆಸರಲ್ಲಿ
ನಾನೊಬ್ಳೆ ಕರೆವೆ ಚಿಗಳೀಯೆ, ನನ ಕೂಸೆ
ಕರೆದಾಗ ಓಗೊಟ್ಟು ಬಾರವ್ವ

ಚಿಗಳಿ! ಎಳ್ಳು ಬೆಲ್ಲ ಕುಟ್ಟಿ ನಾಗರಪೂಜೆಗೆ ಮಾಡುವ ಕಪ್ಪಗಿನ, ದುಂಡಗಿನ ಉಂಡೆ. ಕಪ್ಪು ಮಗುವಿಗೆ ತಾಯಿ ಇಟ್ಟ ಹೆಸರು. ನಾನು ಓದಿ ತಲೆಯೆತ್ತುವಷ್ಟರಲ್ಲಿ ಅಜ್ಜಿ "ಓ ಅವ್ವಾ, ನಾ ಬಂದಿ" ಎಂದು ಎದ್ದು ನಿಂತಿದ್ದರು. ಆ ದನಿ ಮುದುಕಿಯದಾಗಿರಲಿಲ್ಲ. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಒಳಗಿಂದ ಕರೆದರೆ ಓಗೊಡುತ್ತದಲ್ಲ, ಹಾಗಿತ್ತು. ಒಂದು ಹೆಜ್ಜೆ ಇಟ್ಟೇಬಿಟ್ಟರು. ಆಮೇಲೆ ನಿಂತು, ಸುತ್ತ ನೋಡಿ, ಮತ್ತೆ ಕುರ್ಚಿಯಲ್ಲಿ ಕುಸಿದು ಕೂತು ಅತ್ತರು. ಪವಿತ್ರಳೂ ಅತ್ತಳು. ಬರೆಯಲು ಸಂಕೋಚವೇನು, ನಾನೂ ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ "ಎಲ್ಲವ್ವ ಅದು? ತೋರ್ಸು" ಎಂದರು. ನಾನು ಅವರ ತೋರುಬೆರಳು ಹಿಡಿದು ಆ ಹೆಸರಿನ ಮೇಲೆ ಇಟ್ಟೆ. ಅವರು ತುಂಬ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ. ಕರೆಂಟಿಲ್ಲದ್ದರಿಂದ ಜೆರಾಕ್ಸ್ ಆಗುವಂತಿರಲಿಲ್ಲ. ಟಾರ್ಚು ಉರಿದು ಉರಿದು ಪವಿತ್ರಳ ಫೋನೂ ಸತ್ತುಹೋಗಿತ್ತು, ನನ್ನದನ್ನು ಅಂದು ಮನೆಯಲ್ಲೇ ಮರೆತಿದ್ದೆ. ಬಸ್ಸು ತಪ್ಪುತ್ತದೆಂದು ಇಬ್ಬರೂ ಹೊರಟರು. ನಾನೇ ಪ್ರತಿ ಮಾಡಿಸಿ, ಕಟ್ಟುಹಾಕಿಸಿ ಕೊಡುತ್ತೇನೆ ಎಂದೆ.

ಅಂದು ರಾತ್ರಿ ಯಳಂದೂರಿನ ಮನೆಯಲ್ಲಿ ಊಟ ಸೇರಲಿಲ್ಲ. ಸಂತೋಷಕ್ಕೂ ಊಟ ಸೇರುವುದಿಲ್ಲ ಎಂದು ಆವತ್ತು ತಿಳಿಯಿತು. ನನ್ನ ಯಜಮಾನರಿಗೆ ಎಲ್ಲ ಹೇಳಿ, ಆ ನುಡಿಯನ್ನೂ ಹೇಳಿದೆ. ಅವರು ಬ್ಯಾಂಕಿನ ಕೆಲಸದಲ್ಲಿದ್ದವರು, ಪದ್ಯವೆಂದರೆ ಮಾರು ದೂರ. ಅವರೂ "ಇನ್ನೊಂದ್ಸಲ ಹೇಳೇ" ಎಂದರು.

ಮಾರನೆಯ ದಿನ ಮೊದಲ ಕೆಲಸವೆಂದು ಬೈಂಡು ಹಿಡಿದು ಜೆರಾಕ್ಸ್ ಮಿಷನ್ನಿನ ಮುಂದೆ ನಿಂತೆ. ನಾಲ್ಕು ನುಡಿಗಳ ಪುಟ ಮುಗಿಯಿತು. ತಿರುಗಿಸಿದೆ. ಆಚೆ ಪುಟದ ತಲೆಯಲ್ಲಿ ನುಡಿ ಇರಲಿಲ್ಲ. ಅದೇ ಜಾಗದಲ್ಲಿ, ಅದೇ ಹೂವಿನ ಗುರುತಿನ ಮೇಲೆ, ಸಣ್ಣ ಅಕ್ಷರಗಳಲ್ಲಿ ಸಂಗ್ರಾಹಕರ ಟಿಪ್ಪಣಿ ಇತ್ತು. ಈ ಪದಕ್ಕೆ ಇನ್ನೊಂದು ನುಡಿಯಿದೆಯೆಂದೂ, ಅದನ್ನು ಮಾತ್ರ ಹೇಳಲು ಈ ತಾಯಿ ಒಪ್ಪಲಿಲ್ಲವೆಂದೂ, ಎಷ್ಟು ಕೇಳಿಕೊಂಡರೂ 'ಅದು ನನ್ನ ಮಗಳದು, ಕಾಗದಕ್ಕಲ್ಲ' ಎಂದು ನಕ್ಕು ಎದ್ದುಹೋದರೆಂದೂ ಬರೆದಿತ್ತು.

ಹಾಳೆ ಅಂಟಿಕೊಂಡಿರಬಹುದೆಂದು ಉಗುರಿನಲ್ಲಿ ಬಿಡಿಸಿ ನೋಡಿದೆ. ಹಿಂದೆ ಮುಂದೆ ತಿರುಗಿಸಿದೆ. ಕೋಣೆಯಲ್ಲಿದ್ದ ಆ ಪತ್ರಿಕೆಯ ಬೈಂಡುಗಳನ್ನೆಲ್ಲ ನೆಲಕ್ಕೆ ಇಳಿಸಿ ಜಾಲಾಡಿದೆ. ಸೀರೆಯೆಲ್ಲ ದೂಳು. ನಂಜುಂಡಸ್ವಾಮಿಯವರು ನೋಡಿ ಗಾಬರಿಯಾದರು. ವಿಷಯ ಕೇಳಿದ ಮೇಲೆ, "ಮೇಡಂ, ಇಷ್ಟು ವರ್ಷ ತ್ರಿಪದಿ ಪಾಠ ಮಾಡಿದೀರ. ನಾಲಿಗೆ ತುದೀಲಿ ತಾನಾಗೇ ಒಂದು ಹುಟ್ಟಿರುತ್ತೆ ಬಿಡಿ" ಎಂದರು. ಪಾಠ ಮಾಡುವವರಿಗೆಲ್ಲ ಪದ್ಯ ಹುಟ್ಟುವುದಾದರೆ ಕರ್ನಾಟಕದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಒಂದು ಸಾಲು ಕಟ್ಟಿದವಳಲ್ಲ. ಒಂದು ವೇಳೆ ಕಟ್ಟಿದೆ ಎಂದೇ ಇಟ್ಟುಕೊಳ್ಳೋಣ, ಆ ಹೆಸರು? ಗೌರಿ ಎಂದೋ, ಪುಟ್ಟಿ ಎಂದೋ, ಚಿನ್ನ ಎಂದೋ ಬಾಯಿಗೆ ಬರಬೇಕಾದದ್ದು, ಚಿಗಳಿ ಎಂದು ಏಕೆ ಬರಬೇಕು? ಬಂದರೂ ಆ ಮುದುಕಿ ಏಕೆ ಓಗೊಡಬೇಕು?

ಪವಿತ್ರಳನ್ನು ಹಾಸ್ಟೆಲಿನಿಂದ ಕರೆಸಿ ಕೇಳಿದೆ.

"ನೀನು ಹಾಳೆ ನೋಡಿದೆಯಾ?"

"ಇಲ್ಲ ಮೇಡಂ, ನಾ ಅಜ್ಜಿ ಮುಖ ನೋಡ್ತಿದ್ದೆ."

"ಕೊನೆಯ ನುಡಿ ಕೇಳಿಸಿತಾ?"

"ಕೇಳಿಸ್ತು ಮೇಡಂ. ನೀವೇ ಓದಿದ್ದು. ಚಿಗಳಿ ಅಂದ್ರಿ, ಅಜ್ಜಿ ಎದ್ಳು."

"ಅಜ್ಜಿಯೇ ಮೊದಲು ಗುನುಗಿ ನಾನು ಹಿಂದೆ ಹೇಳಿದ ಹಾಗೇನಾದರೂ...?"

"ಅಜ್ಜಿ ಬಾಯೇ ಬುಡ್ನಿಲ್ಲ ಮೇಡಂ."

ಅಷ್ಟರಲ್ಲಿ ಧಾರವಾಡದ ಗೆಳತಿಯಿಂದ ವಾಟ್ಸಾಪಿನಲ್ಲಿ ಅದೇ ಸಂಚಿಕೆಯ ಚಿತ್ರಗಳು ಬಂದವು. ನಾಲ್ಕು ನುಡಿ, ಟಿಪ್ಪಣಿ, ಹೂವಿನ ಗುರುತು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಈಗ ನನ್ನ ಮುಂದಿದ್ದ ಪ್ರಶ್ನೆ ಒಂದೇ. ಮಾದಮ್ಮನವರಿಗೆ ಏನು ಹೇಳಲಿ? ಅರವತ್ತು ವರ್ಷ ಕಾದು ಪಡೆದ ಹೆಸರು. ಆ ಹಾಳೆಯಲ್ಲಿ ಅದಿಲ್ಲ ಎಂದರೆ, ಈ ಮೇಡಂ ನನ್ನನ್ನು ಸಮಾಧಾನ ಮಾಡಲು ಸುಳ್ಳು ಕಟ್ಟಿದಳು ಎಂದುಕೊಳ್ಳುವುದಿಲ್ಲವೇ? ಕೊಟ್ಟದ್ದನ್ನು ಕಿತ್ತುಕೊಂಡ ಹಾಗಾಗುವುದಿಲ್ಲವೇ? ಹೇಳುವುದೇ ಬೇಡ ಎಂದರು ಯಜಮಾನರು. ಅಜ್ಜಿಗೆ ಓದು ಬಾರದು, ಕಟ್ಟುಹಾಕಿಸಿ ಕೊಟ್ಟುಬಿಡು ಎಂದರು. ಆದರೆ ಅದನ್ನು ಓದಬಲ್ಲ ಮೊಮ್ಮಗಳು ಇದ್ದಾಳಲ್ಲ. ಅಲ್ಲದೆ, ಮಕ್ಕಳಿಗೆ ಇಲ್ಲದ್ದನ್ನು ಇದೆ ಎಂದು ಬರೆಯಬೇಡಿ ಎಂದು ಪಾಠ ಹೇಳುವವಳು ನಾನು. ಪವಿತ್ರ ಊರಿಗೆ ಹೋಗಿದ್ದ ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಹನೂರಿನ ಮೇಲೆ ರಾಮಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿದೆ, ಕೆಡವಿದೆ. ಹನೂರಿನಲ್ಲಿ ಇಳಿದು ವಾಪಸು ಹೋಗಿಬಿಡೋಣ ಎಂದೂ ಅನ್ನಿಸಿತ್ತು.

ಮಾದಮ್ಮನವರು ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು, ಮುಖವೆಲ್ಲ ನಗುವಾಗಿ ಎದ್ದು ಬಂದರು. ನೀರು ಕೊಟ್ಟರು, ಪಾನಕ ಕೊಟ್ಟರು, ಉಂಡೇ ಹೋಗಬೇಕು ಎಂದರು. ನಾನು ಕಟ್ಟುಹಾಕಿಸಿದ ಹಾಳೆಗಳನ್ನು ಅವರ ತೊಡೆಯ ಮೇಲಿಟ್ಟು, ಪವಿತ್ರಳಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ, ನೀನೇ ಅಜ್ಜಿಗೆ ತಿಳಿಸು ಎಂದೆ. ನನಗೆ ಅವರ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ಅವಳು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತುಟಿ ಅಗಲಿಸಿ, ಕೈಸನ್ನೆ ಮಾಡಿ, ಒಂದೊಂದಾಗಿ ತಿಳಿಸಿದಳು. ಕೊನೆಯ ನುಡಿ ಇದರಲ್ಲಿಲ್ಲ. ನಿನ್ನ ಅವ್ವ ಹೇಳಲು ಒಪ್ಪಲಿಲ್ಲವಂತೆ. ಅದು ಮಗಳದು, ಕಾಗದಕ್ಕಲ್ಲ ಅಂದಳಂತೆ.

ಅಜ್ಜಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದದ್ದೇ ತೊಡೆ ತಟ್ಟಿಕೊಂಡು ನಕ್ಕರು.

"ಅಂಗಂದ್ಲಾ ನಮ್ಮವ್ವ? ಸರ್ಯಾಗೇ ಅಂದವ್ಳ ಕಣ! ಕಂಡೋರ್ಗೆಲ್ಲ ಕೊಟ್ಬುಡಾಕ ಅದೇನು ಮಜ್ಜಿಗ್ಯಾ?"

ನಾನು ಅವರ ಎದುರಿಗೆ ಸರಿದು ಕೂತು, ಎದೆ ಮುಟ್ಟಿಕೊಂಡು, ಅಜ್ಜಿ, ನಾನು ಸುಳ್ಳು ಹೇಳಲಿಲ್ಲ, ಅವತ್ತು ಅದು ಅಲ್ಲಿತ್ತು, ನಾನು ಓದಿದೆ ಎಂದು ಹೇಳಿದೆ. ನನ್ನ ದನಿ ಅವರಿಗೆ ಮುಟ್ಟಲಿಲ್ಲ, ನನ್ನ ಕಣ್ಣೀರು ಮುಟ್ಟಿತು. ಅವರು ನನ್ನ ಕೆನ್ನೆ ಒರೆಸಿದರು.

"ಯಾಕವ್ವ ಅಳ್ತೀಯೆ? ನೀ ಓದಿದ್ದು ನಂಗ ಕೇಳಿಸ್ನೇ ಇಲ್ವಲ್ಲ. ಡಾಕ್ಟ್ರು ಕಿವಿಗ ಅದ್ಯಾನ್ನೊ ಬುಟ್ಟಿದ್ರು ನೋಡು, ಆವತ್ತೆಲ್ಲ ಗುಂಯ್ ಅಂತಿತ್ತು. ನಾ ನಿನ್ ತುಟಿ ಆಡದ ನೋಡ್ತಿದ್ದಿ. ಇಷ್ಟು ಕಷ್ಟ ಪಟ್ಟು ಹುಡುಕವ್ಳೆ, ಬೇಜಾರಾಗ್ಬಾರ್ದು ಅಂತ ತಲ ಆಡುಸ್ತಿದ್ದಿ. ಕಡೇದು ಒಂದೇ ಕೇಳುಸ್ದುದ್ದು."

ಪವಿತ್ರ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಎಷ್ಟು ಸಂದಾಗಿ ಕೇಳುಸ್ತು ಗೊತ್ತಾ! ಇಲ್ಲಿ" ಎಂದು ಅಜ್ಜಿ ತಮ್ಮ ಎಡಗಿವಿಯನ್ನು ಮುಟ್ಟಿ ತೋರಿಸಿದರು. ಆಮೇಲೆ ಏನೂ ಆಗದವರ ಹಾಗೆ ಮೊರ ಎತ್ತಿಕೊಂಡು ಹುರುಳಿ ಕೇರತೊಡಗಿದರು.

ನಾನು ಅಲ್ಲಿ ಊಟ ಮಾಡಿ, ಸಂಜೆಯ ಬಸ್ಸಿಗೆ ಯಳಂದೂರಿಗೆ ಬಂದೆ. ಇದನ್ನು ಕಂಡವರಿಗೆಲ್ಲ ಹೇಳಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ನಾನೂ ನೂರು ಸಲ ನನ್ನನ್ನೇ ಕೇಳಿಕೊಂಡು ಆಗಿದೆ. ನಾನು ಓದಿದ ಹಾಳೆ ಯಾವುದು, ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ನಾನು ಕೂತದ್ದು ಅವರ ಬಲಗಡೆ. ಎಡಗಡೆ ಗೋಡೆ ಮಾತ್ರ ಇತ್ತು.